ಮಿದುಳಿನ ವಿದ್ಯುತ್ತೂ ಒಣ ವಿದ್ಯುದ್ವಾರವೂ



ತರಗತಿಯಲ್ಲಿ ಒಬ್ಬ ಬಾಲಕನು ಎದ್ದು ನಿಂತು ಪಾಠವನ್ನು ಗಟ್ಟಿಯಾಗಿ ಓದುತ್ತಿದ್ದಾನೆಂದು ಭಾವಿಸಿರಿ. ಸಾಲಿನ ನಡುವೆ ಅವನ ದನಿ ಥಟ್ಟನೆ ನಿಲ್ಲುತ್ತದೆ. ಕಣ್ಣುಗಳು ತೆರೆದೇ ಇವೆ. ಆದರೆ ದೃಷ್ಟಿಯು ಎಲ್ಲಿಯೋ ನೆಟ್ಟಿದೆ. ರೆಪ್ಪೆಗಳು ಮೆಲ್ಲನೆ ಅದುರುತ್ತವೆ. ಹತ್ತು ಹನ್ನೆರಡು ಸೆಕೆಂಡುಗಳು ಕಳೆದ ಮೇಲೆ ಅವನು ಏನೂ ನಡೆಯದವನಂತೆ ಮತ್ತೆ ಓದತೊಡಗುತ್ತಾನೆ. ಎಲ್ಲಿ ನಿಲ್ಲಿಸಿದ್ದನೆಂಬುದು ಮಾತ್ರ ಅವನಿಗೆ ತಿಳಿಯದು. ಸಹಪಾಠಿಗಳು ನಗುತ್ತಾರೆ. ಉಪಾಧ್ಯಾಯರು "ಗಮನವೆಲ್ಲಿದೆಯೋ?" ಎಂದು ಗದರುತ್ತಾರೆ. ಮನೆಗೆ ಹೋದರೆ ಅಲ್ಲಿಯೂ ಇದೇ ಮಾತು. ದಿನಕ್ಕೆ ಹತ್ತಾರು ಬಾರಿ ಹೀಗಾಗುತ್ತಿದ್ದರೆ ಆ ಬಾಲಕನ ವಿದ್ಯೆಯ ಗತಿಯೇನು? ಅವನ ಮನಸ್ಸಿನ ಗತಿಯೇನು?

ಅವನು ಸೋಮಾರಿಯೇ, ಅನ್ಯಮನಸ್ಕನೇ, ಅಥವಾ ರೋಗಿಯೇ? ಬರಿಗಣ್ಣಿಗೆ ಈ ಮೂರೂ ಒಂದೇ ಬಗೆಯಾಗಿ ಕಾಣುವುದುಂಟು. ಆದರೆ ಅವನ ತಲೆಯ ಮೇಲೆ ಕೆಲವು ಲೋಹದ ಬಿಲ್ಲೆಗಳನ್ನಿಟ್ಟು, ಮಿದುಳಿನಿಂದ ಹೊರಬರುವ ಅತ್ಯಲ್ಪ ವಿದ್ಯುತ್ತನ್ನು ರೇಖೆಯಾಗಿ ಬರೆಯಿಸಿದರೆ ಎಷ್ಟೋ ಸಲ ಉತ್ತರವು ದೊರೆಯುತ್ತದೆ. ಮೈಮರೆವಿನ ಆ ಗಳಿಗೆಯಲ್ಲಿ ಸೆಕೆಂಡಿಗೆ ಮೂರರಂತೆ, ಒಂದು ಚೂಪಾದ ಮೊನೆ, ಅದರ ಹಿಂದೆ ಒಂದು ದುಂಡಾದ ಅಲೆ, ಮತ್ತೆ ಮೊನೆ, ಮತ್ತೆ ಅಲೆ ಎಂಬಂತೆ ರೇಖೆಯು ಮೂಡಿದರೆ, ಇದು ಅಪಸ್ಮಾರದ ಒಂದು ಬಗೆಯೆಂದು ವೈದ್ಯರು ಗುರುತಿಸುತ್ತಾರೆ. 1935ರಲ್ಲಿ ಅಮೆರಿಕದ ಬಾಸ್ಟನ್ ನಗರದ ಗಿಬ್ಸ್, ಡೇವಿಸ್ ಮತ್ತು ಲೆನಾಕ್ಸ್ ಎಂಬ ವಿಜ್ಞಾನಿಗಳು ಈ ರೇಖೆಯನ್ನು ವಿವರಿಸಿದರು. ಈ ರೋಗಕ್ಕೆ ಔಷಧವುಂಟು. ಹೆಚ್ಚಿನ ಮಕ್ಕಳಿಗೆ ಅದರಿಂದ ಗುಣ ಕಾಣುತ್ತದೆ. ಗದರಿಕೆಯಿಂದ ಮಾತ್ರ ಯಾರಿಗೂ ಗುಣವಾಗದು.

ಉತ್ತರವು ಇಷ್ಟು ಸ್ಪಷ್ಟವಾಗಿ ದೊರೆಯುವುದಾದರೆ ಇಂಥ ಪ್ರತಿಯೊಂದು ಮಗುವಿಗೂ ಈ ಪರೀಕ್ಷೆಯನ್ನು ಏಕೆ ಮಾಡಬಾರದು? ಇದಕ್ಕೆ ಅಡ್ಡಿಯಾಗಿರುವುದು ಮಿದುಳೂ ಅಲ್ಲ, ಯಂತ್ರವೂ ಅಲ್ಲ. ಲೋಹದ ಬಿಲ್ಲೆಗೂ ತಲೆಯ ಚರ್ಮಕ್ಕೂ ನಡುವೆ ಇರುವ ಕೂದಲಿನೆಳೆಗಿಂತಲೂ ತೆಳುವಾದ ಒಂದು ಸ್ಥಳ. ಆ ಸ್ಥಳವನ್ನು ದಾಟಲು ಇದುವರೆಗೆ ಒದ್ದೆ ಲೇಪವೊಂದನ್ನು ಬಳಸುತ್ತ ಬಂದಿದ್ದಾರೆ. ಆ ಲೇಪವಿಲ್ಲದೆ ಅದನ್ನು ದಾಟುವ ಪ್ರಯತ್ನಕ್ಕೆ ಒಣ ವಿದ್ಯುದ್ವಾರವೆಂದು ಹೆಸರು. ಈ ಪ್ರಯತ್ನವು ಎಲ್ಲಿಗೆ ಬಂದಿದೆ, ಇನ್ನೂ ಏನು ಉಳಿದಿದೆ ಎಂಬುದನ್ನು ಈ ಲೇಖನದಲ್ಲಿ ವಿಚಾರ ಮಾಡೋಣ.

ಮಿದುಳಿನ ಪಿಸುಮಾತು

ನಮ್ಮ ಮಿದುಳು ಕೋಟ್ಯಂತರ ನರಕೋಶಗಳ ಸಮೂಹ. ಪ್ರತಿಯೊಂದು ಕೋಶದ ಒಳಗೂ ಹೊರಗೂ ಲವಣಜಲವಿದೆ. ಈ ಜಲದಲ್ಲಿ ಸೋಡಿಯಂ, ಪೊಟ್ಯಾಸಿಯಂ, ಕ್ಲೋರೈಡ್ ಮೊದಲಾದವುಗಳ ಅಯಾನುಗಳು, ಎಂದರೆ ವಿದ್ಯುದಂಶವನ್ನು ಹೊತ್ತ ಕಣಗಳು, ಇರುತ್ತವೆ. ಒಂದು ಕೋಶವು ಮತ್ತೊಂದಕ್ಕೆ ಸುದ್ದಿಯನ್ನು ಮುಟ್ಟಿಸುವಾಗ ಈ ಅಯಾನುಗಳು ಕೋಶದ ಪೊರೆಯನ್ನು ದಾಟಿ ಹೋಗುತ್ತವೆ, ಬರುತ್ತವೆ. ಅಯಾನುಗಳ ಈ ಸಂಚಾರವೇ ವಿದ್ಯುತ್ ಪ್ರವಾಹ.

ಒಂದೇ ಕೋಶದ ಪ್ರವಾಹವು ತಲೆಯ ಹೊರಗೆ ತಿಳಿಯುವಷ್ಟು ದೊಡ್ಡದಲ್ಲ. ಆದರೆ ಮಿದುಳಿನ ಹೊರಪದರದಲ್ಲಿ ಅಕ್ಕಪಕ್ಕದಲ್ಲಿ ಸಾಲಾಗಿ ನಿಂತಿರುವ ಸಹಸ್ರಾರು ಕೋಶಗಳು ಏಕಕಾಲದಲ್ಲಿ ಒಂದೇ ರೀತಿಯಾಗಿ ವರ್ತಿಸಿದಾಗ ಅವುಗಳ ಪ್ರವಾಹಗಳು ಒಂದುಗೂಡುತ್ತವೆ. ಭಜನೆಯಲ್ಲಿ ಒಬ್ಬನ ದನಿಯು ಬೀದಿಗೆ ಕೇಳಿಸದಿದ್ದರೂ ಎಲ್ಲರೂ ಒಂದೇ ತಾಳಕ್ಕೆ ಹಾಡಿದರೆ ಕೇಳಿಸುತ್ತದೆಯಲ್ಲವೇ? ಹಾಗೆಯೇ ಇದು. ಹೀಗೆ ಒಂದುಗೂಡಿದ ವಿದ್ಯುತ್ತು ಮಿದುಳಿನ ಪೊರೆಗಳನ್ನೂ ತಲೆಬುರುಡೆಯ ಎಲುಬನ್ನೂ ಚರ್ಮವನ್ನೂ ದಾಟಿ ಹೊರಗೆ ಬರುವಷ್ಟರಲ್ಲಿ ಬಹಳ ಕ್ಷೀಣವಾಗಿರುತ್ತದೆ. ತಲೆಯ ಮೇಲಿನ ಎರಡು ಸ್ಥಳಗಳ ನಡುವೆ ದೊರೆಯುವ ವಿಭವಾಂತರವು ಸಾಮಾನ್ಯವಾಗಿ 10ರಿಂದ 100 ಮೈಕ್ರೋವೋಲ್ಟ್ ಮಾತ್ರ. ಒಂದು ಮೈಕ್ರೋವೋಲ್ಟ್ ಎಂದರೆ ಒಂದು ವೋಲ್ಟಿನ ಹತ್ತು ಲಕ್ಷದಲ್ಲಿ ಒಂದು ಭಾಗ. ಕೈದೀಪಕ್ಕೆ ಹಾಕುವ ಸಾಧಾರಣ ಬ್ಯಾಟರಿಯು 1.5 ವೋಲ್ಟಿನದು. ಮಿದುಳಿನಿಂದ ಬಂದ 50 ಮೈಕ್ರೋವೋಲ್ಟು ಅದರ ಮೂವತ್ತು ಸಾವಿರದಲ್ಲಿ ಒಂದು ಭಾಗವೆಂದು ನೀವೇ ಲೆಕ್ಕ ಹಾಕಿ ನೋಡಬಹುದು.

ಇದೊಂದು ಪಿಸುಮಾತು. ಅದನ್ನು ಕೇಳಬೇಕಾದ ಸ್ಥಳವಾದರೋ ಸಂತೆ! ನಮ್ಮ ಹೈದರಾಬಾದಿನ ಮಾದಾಪುರವನ್ನು ನೆನಪಿಗೆ ತಂದುಕೊಳ್ಳಿರಿ. ಸಂಜೆ ಕಚೇರಿಗಳು ಬಿಡುವ ಹೊತ್ತಿನಲ್ಲಿ ಹೈಟೆಕ್ ಸಿಟಿಯ ರಸ್ತೆಯಲ್ಲಿ ನಿಂತು, ಮುಚ್ಚಿದ ಬಾಗಿಲಿನ ಹಿಂದೆ ಯಾರೋ ಪಿಸುಗುಟ್ಟುವುದನ್ನು ಕೇಳಿಸಿಕೊಳ್ಳಬಲ್ಲಿರಾ? ಮಿದುಳಿನ ವಿದ್ಯುತ್ತನ್ನು ಅಳೆಯುವವನ ಕಷ್ಟವೂ ಇಂಥದೇ. ಹೃದಯದ ವಿದ್ಯುತ್ತು ಸುಮಾರು ಒಂದು ಮಿಲಿವೋಲ್ಟು, ಎಂದರೆ ಒಂದು ಸಾವಿರ ಮೈಕ್ರೋವೋಲ್ಟು. ಕಣ್ಣು ಮಿಟುಕಿಸಿದರೂ ಹಲ್ಲು ಕಚ್ಚಿದರೂ ಮಿದುಳಿನದಕ್ಕಿಂತ ದೊಡ್ಡ ವಿದ್ಯುತ್ತು ಏಳುತ್ತದೆ. ಗೋಡೆಯ ತಂತಿಗಳಲ್ಲಿ ಸೆಕೆಂಡಿಗೆ 50 ಬಾರಿ ಆವರ್ತಿಸುವ ಪ್ರವಾಹವು ನಮ್ಮ ದೇಹವನ್ನೆಲ್ಲ ಮೆಲ್ಲನೆ ಕಂಪಿಸುತ್ತಲೇ ಇರುತ್ತದೆ. ಈ ಎಲ್ಲ ಗದ್ದಲದ ನಡುವೆ ಪಿಸುಮಾತನ್ನು ಆರಿಸಿಕೊಳ್ಳಬೇಕು.

ಪಿಸುಮಾತನ್ನು ಮೊದಲು ಕೇಳಿದವರು

ಪ್ರಾಣಿಗಳ ಮಿದುಳಿನಲ್ಲಿ ವಿದ್ಯುತ್ತು ಏರಿಳಿಯುವುದನ್ನು 1875ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲಿನ ರಿಚರ್ಡ್ ಕೇಟನ್ ಎಂಬ ವೈದ್ಯನು ಕಂಡು ತಿಳಿಸಿದನು. ಅವನು ಮೊಲ ಮತ್ತು ಕೋತಿಗಳ ಮಿದುಳಿನ ಮೇಲೆಯೇ ವಿದ್ಯುದ್ವಾರಗಳನ್ನಿಟ್ಟಿದ್ದನು. ಮನುಷ್ಯನಲ್ಲಿ ಇದನ್ನು ಮೊದಲು ಬರೆಯಿಸಿದವನು ಜರ್ಮನಿಯ ಯೇನಾ ನಗರದ ಹಾನ್ಸ್ ಬರ್ಗರ್. 1924ರ ಜುಲೈ ತಿಂಗಳಲ್ಲಿ, ತಲೆಬುರುಡೆಯ ಶಸ್ತ್ರಚಿಕಿತ್ಸೆಗೆ ಒಳಗಾದ ಹದಿನೇಳು ವರ್ಷದ ಒಬ್ಬ ತರುಣನಲ್ಲಿ ಅವನಿಗೆ ಈ ರೇಖೆಯು ದೊರೆಯಿತು. ಆದರೂ ಅವನು ಆತುರಪಡಲಿಲ್ಲ. ತಾನು ಕಂಡದ್ದು ಮಿದುಳಿನ ವಿದ್ಯುತ್ತೇ, ಅಥವಾ ರಕ್ತನಾಳದ ಮಿಡಿತವೋ, ಚರ್ಮದ ವಿಕಾರವೋ ಎಂಬ ಸಂದೇಹವು ಅವನನ್ನು ಐದು ವರ್ಷಗಳ ಕಾಲ ಕಾಡಿತು. ತನ್ನ ಮಗ ಕ್ಲೌಸನ ತಲೆಯ ಮೇಲೂ ಅನೇಕ ಬಾರಿ ಪ್ರಯೋಗ ಮಾಡಿ, ಕೊನೆಗೆ 1929ರಲ್ಲಿ ಪ್ರಕಟಿಸಿದನು. ಅನೇಕರು ನಂಬಲಿಲ್ಲ. 1934ರಲ್ಲಿ ಕೇಂಬ್ರಿಜಿನ ಏಡ್ರಿಯನ್ ಮತ್ತು ಮ್ಯಾಥ್ಯೂಸ್ ಎಂಬುವರು ಅದೇ ಪ್ರಯೋಗವನ್ನು ತಾವೂ ಮಾಡಿ ನೋಡಿ ಅವನ ಮಾತನ್ನು ಸ್ಥಿರಪಡಿಸಿದ ಮೇಲೆ ಲೋಕವು ಒಪ್ಪಿತು.

ಬರ್ಗರನು ಕಂಡ ಒಂದು ವಿಷಯವು ಇಂದಿಗೂ ಉಪಯೋಗಕ್ಕೆ ಬರುತ್ತಿದೆ. ಎಚ್ಚರವಾಗಿದ್ದು ಕಣ್ಣು ಮುಚ್ಚಿ ಶಾಂತವಾಗಿ ಕುಳಿತವನ ತಲೆಯ ಹಿಂಭಾಗದಲ್ಲಿ ಸೆಕೆಂಡಿಗೆ 8ರಿಂದ 13ರಷ್ಟು ಅಲೆಗಳು ಏಳುತ್ತವೆ. ಇವಕ್ಕೆ ಆಲ್ಫಾ ಅಲೆಗಳೆಂದು ಹೆಸರು. ಕಣ್ಣು ತೆರೆದೊಡನೆ ಅವು ಕುಗ್ಗಿಹೋಗುತ್ತವೆ. ಹೊಸ ವಿದ್ಯುದ್ವಾರವೊಂದನ್ನು ಮಾಡಿದವರು ಇಂದಿಗೂ ಮೊದಲು ಕೇಳುವ ಪ್ರಶ್ನೆ ಇದೇ: ಕಣ್ಣು ಮುಚ್ಚಿದಾಗ ಆಲ್ಫಾ ಅಲೆಯು ಕಾಣಿಸುತ್ತದೆಯೇ? ತೆರೆದಾಗ ಮರೆಯಾಗುತ್ತದೆಯೇ?

ಒದ್ದೆ ಲೇಪವೇಕೆ ಬೇಕಾಯಿತು?

ಈಗ ನಮ್ಮ ಮುಖ್ಯ ವಿಷಯಕ್ಕೆ ಬರೋಣ. ದೇಹದಲ್ಲಿ ವಿದ್ಯುತ್ತನ್ನು ಒಯ್ಯುವುದು ಅಯಾನುಗಳೆಂದು ಹೇಳಿದೆವು. ತಾಮ್ರದ ತಂತಿಯಲ್ಲಿ ಅದನ್ನು ಒಯ್ಯುವುದು ಎಲೆಕ್ಟ್ರಾನುಗಳು. ಅಯಾನು ತಂತಿಯೊಳಕ್ಕೆ ಹೋಗಲಾರದು. ಎಲೆಕ್ಟ್ರಾನು ಲವಣಜಲದಲ್ಲಿ ತಾನಾಗಿ ಸಂಚರಿಸಲಾರದು. ಮಾದಾಪುರದ ದುರ್ಗಂ ಚೆರುವು ಕೆರೆಯನ್ನು ನೀವು ನೋಡಿರಬಹುದು. 2020ರಲ್ಲಿ ತೂಗುತಂತಿಗಳ ಸೇತುವೆಯು ತೆರೆಯುವ ತನಕ ಈಚಿನ ದಡದವರು ಆಚೆಗೆ ಹೋಗಲು ಸುತ್ತು ಬಳಸಬೇಕಾಗಿತ್ತು. ಅಯಾನುಗಳ ದಡಕ್ಕೂ ಎಲೆಕ್ಟ್ರಾನುಗಳ ದಡಕ್ಕೂ ನಡುವೆ ಅಂಥದೇ ಸೇತುವೆಯೊಂದು ಬೇಕು. ವಿದ್ಯುತ್ತು ಒಂದು ಬಗೆಯ ವಾಹನದಿಂದ ಇಳಿದು ಇನ್ನೊಂದನ್ನು ಏರುವ ಈ ಸ್ಥಾನಕ್ಕೇ ವಿದ್ಯುದ್ವಾರವೆಂದು ಹೆಸರು. ದ್ವಾರವೆಂಬ ಮಾತು ಇಲ್ಲಿ ಎಷ್ಟು ಸಮಂಜಸವಾಗಿದೆಯೆಂಬುದನ್ನು ಗಮನಿಸಿರಿ.

ಆಸ್ಪತ್ರೆಗಳಲ್ಲಿ ಈ ಕೆಲಸಕ್ಕೆ ಸಾಮಾನ್ಯವಾಗಿ ಬೆಳ್ಳಿಯ ಪುಟ್ಟ ಬಟ್ಟಲನ್ನು ಬಳಸುತ್ತಾರೆ. ಬೆಳ್ಳಿಯ ಮೇಲೆ ಸಿಲ್ವರ್ ಕ್ಲೋರೈಡಿನ ತೆಳುವಾದ ಪದರವಿರುತ್ತದೆ. ಬಟ್ಟಲಿನೊಳಗೆ ಉಪ್ಪುಳ್ಳ ಲೇಪವನ್ನು ತುಂಬುತ್ತಾರೆ. ಲೇಪದಲ್ಲಿರುವ ಕ್ಲೋರೈಡ್ ಅಯಾನು ಬೆಳ್ಳಿಯೊಡನೆ ಸೇರಿದರೆ ಒಂದು ಎಲೆಕ್ಟ್ರಾನು ತಂತಿಗೆ ಬಿಡುಗಡೆಯಾಗುತ್ತದೆ. ಎಲೆಕ್ಟ್ರಾನು ಮರಳಿ ಬಂದರೆ ಕ್ಲೋರೈಡ್ ಅಯಾನು ಮತ್ತೆ ಲೇಪಕ್ಕೆ ಇಳಿಯುತ್ತದೆ. ಈ ವಿನಿಮಯವು ಎರಡು ಕಡೆಗೂ ಸುಲಭವಾಗಿ ನಡೆಯುವುದರಿಂದಲೇ ಇಂಥ ಬಟ್ಟಲು ಇಷ್ಟು ಕಾಲ ಬಾಳಿದೆ.

ಲೇಪಕ್ಕೆ ಇನ್ನೊಂದು ಕೆಲಸವೂ ಇದೆ. ನಮ್ಮ ಚರ್ಮದ ಮೇಲ್ಭಾಗದಲ್ಲಿ ಸತ್ತ ಕೋಶಗಳಿಂದಾದ ಒಣ ಪದರವೊಂದಿದೆ. ಅದರ ದಪ್ಪವು ಮಿಲಿಮೀಟರಿನ ನೂರರಲ್ಲಿ ಒಂದೆರಡು ಭಾಗ ಮಾತ್ರ. ಇಷ್ಟು ತೆಳುವಾದರೂ ವಿದ್ಯುತ್ತಿಗೆ ಇದು ಗೋಡೆಯಂತೆ ನಿಲ್ಲುತ್ತದೆ. ಲೇಪದ ಉಪ್ಪುನೀರು ಈ ಪದರದೊಳಕ್ಕೆ ಇಳಿದು ಅದನ್ನು ನೆನೆಯಿಸುತ್ತದೆ. ಕೂದಲುಗಳ ಸಂದಿಯನ್ನೂ ತುಂಬುತ್ತದೆ. ಚರ್ಮವನ್ನು ಮೆಲ್ಲನೆ ಉಜ್ಜಿ ಲೇಪವನ್ನು ಹಾಕಿದರೆ ರೋಧವು 5,000 ಓಮ್‌ಗಳಿಗಿಂತ ಕೆಳಕ್ಕೆ ಇಳಿಯುತ್ತದೆ. ಒಳ್ಳೆಯ ರೇಖೆಗೆ ಇದೇ ಅಳತೆಗೋಲೆಂದು ಬಹುಕಾಲದಿಂದ ನಡೆದುಬಂದಿದೆ.

ಬಿಲ್ಲೆಗಳನ್ನು ಮನಸ್ಸಿಗೆ ಬಂದೆಡೆ ಇಡುವಂತಿಲ್ಲ. 1958ರಲ್ಲಿ ಹರ್ಬರ್ಟ್ ಜ್ಯಾಸ್ಪರ್ ಎಂಬ ವಿಜ್ಞಾನಿಯು ಪ್ರಕಟಿಸಿದ ಹತ್ತು-ಇಪ್ಪತ್ತರ ಕ್ರಮವನ್ನು ಜಗತ್ತೆಲ್ಲ ಅನುಸರಿಸುತ್ತದೆ. ಮೂಗಿನ ಬುಡದ ತಗ್ಗಿನಿಂದ ತಲೆಯ ಹಿಂದಿನ ಎಲುಬಿನ ಗುಬುಟಿನವರೆಗೆ ಅಳೆದು, ಆ ಉದ್ದವನ್ನು ನೂರರಲ್ಲಿ 10, 20, 20, 20, 20, 10 ಎಂದು ಭಾಗಿಸುತ್ತಾರೆ. ಈ ಅಳತೆಯನ್ನು ದರ್ಜಿಯ ಟೇಪಿನಿಂದ ನೀವು ಮನೆಯಲ್ಲಿಯೇ ಮಾಡಿ ನೋಡಬಹುದು. ಉದ್ದವು 35 ಸೆಂಟಿಮೀಟರ್ ಇದ್ದರೆ ಮೊದಲನೆಯ ಗುರುತು 3.5 ಸೆಂಟಿಮೀಟರಿಗೆ, ಎರಡನೆಯದು ಅಲ್ಲಿಂದ 7 ಸೆಂಟಿಮೀಟರಿಗೆ ಬರುತ್ತದೆ. ತಲೆಯು ಚಿಕ್ಕದಾಗಲಿ ದೊಡ್ಡದಾಗಲಿ, ಗುರುತುಗಳು ಮಿದುಳಿನ ಅದದೇ ಭಾಗದ ಮೇಲೆ ಬೀಳುವುದೇ ಈ ಕ್ರಮದ ಹೆಚ್ಚುಗಾರಿಕೆ. ಎರಡು ಕಿವಿಗಳೂ ಸೇರಿ ಒಟ್ಟು 21 ಸ್ಥಾನಗಳು.

ಈಗ ತೊಂದರೆಯು ಎಲ್ಲಿದೆಯೆಂಬುದು ನಿಮಗೆ ಹೊಳೆದಿರಬೇಕು. ಅಳೆಯಬೇಕು, ಗುರುತು ಹಾಕಬೇಕು, ಕೂದಲನ್ನು ಬಿಡಿಸಬೇಕು, ಉಜ್ಜಬೇಕು, ಒಂದೊಂದಾಗಿ ಅಂಟಿಸಬೇಕು. ಇದಕ್ಕೆ ಕೈ ಪಳಗಿದವರೇ ಬೇಕು. ಮಗುವು ಅಷ್ಟು ಹೊತ್ತು ಅಲುಗಾಡದೆ ಕುಳಿತಿರಬೇಕು. ಕೆಲವು ಗಂಟೆಗಳಲ್ಲಿ ಲೇಪವು ಒಣಗತೊಡಗುತ್ತದೆ, ರೋಧವು ಏರುತ್ತದೆ. ಮುಗಿದ ಮೇಲೆ ತಲೆಗೆ ಸ್ನಾನವಾಗದ ಹೊರತು ಕೂದಲಿನ ಅಂಟು ಬಿಡದು. 1965ರ ಡಿಸೆಂಬರಿನಲ್ಲಿ ಜೆಮಿನಿ 7 ಎಂಬ ಆಕಾಶನೌಕೆಯಲ್ಲಿ ಹದಿನಾಲ್ಕು ದಿನಗಳ ಯಾತ್ರೆಗೆ ಹೊರಟ ಫ್ರ್ಯಾಂಕ್ ಬೋರ್ಮನ್ ಎಂಬ ಗಗನಯಾತ್ರಿಯ ನಿದ್ರೆಯನ್ನು ಅಭ್ಯಾಸ ಮಾಡಲು ಅವನ ತಲೆಗೆ ವಿದ್ಯುದ್ವಾರಗಳನ್ನು ಅಂಟಿಸಿ ಕಳುಹಿಸಿದ್ದರು. ಅಷ್ಟು ಎಚ್ಚರಿಕೆಯಿಂದ ಮಾಡಿದ ಏರ್ಪಾಡೂ ಸುಮಾರು 54 ಗಂಟೆಗಳ ತನಕ ಮಾತ್ರ ನಡೆಯಿತು. ಅಷ್ಟರಲ್ಲಿ ವಿದ್ಯುದ್ವಾರಗಳು ಕಳಚಿಹೋಗಿದ್ದವು.

ಲೇಪವಿಲ್ಲದೆ ದಾಟುವ ಬಗೆ

ಲೇಪವನ್ನು ಬಿಟ್ಟು ಒಣ ಲೋಹವನ್ನೇ ಚರ್ಮಕ್ಕೆ ತಾಗಿಸಿದರೆ ಏನಾಗುತ್ತದೆ? ರೋಧವು 5,000 ಓಮ್‌ನಿಂದ ಏರಿ ಕೆಲವು ಲಕ್ಷ ಓಮ್‌ಗಳಿಗೆ, ಒಮ್ಮೊಮ್ಮೆ ಹತ್ತು ಲಕ್ಷ ಓಮ್‌ಗಳಿಗಿಂತಲೂ ಮೇಲಕ್ಕೆ ಹೋಗುತ್ತದೆ. ಇದರಿಂದ ಆಗುವ ನಷ್ಟವನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು.

ಚರ್ಮದ ರೋಧವೂ ವರ್ಧಕದ ಒಳರೋಧವೂ ಒಂದರ ಹಿಂದೊಂದು ಸೇರಿರುತ್ತವೆ. ಮಿದುಳಿನಿಂದ ಬಂದ ವಿಭವಾಂತರವು ಇವೆರಡರ ನಡುವೆ ಅವುಗಳ ಪ್ರಮಾಣಕ್ಕೆ ತಕ್ಕಂತೆ ಹಂಚಿಹೋಗುತ್ತದೆ. ವರ್ಧಕದ ಪಾಲಿಗೆ ಬಂದದ್ದು ಮಾತ್ರ ನಮಗೆ ದಕ್ಕುತ್ತದೆ. ವರ್ಧಕದ ಒಳರೋಧವು ಒಂದು ಕೋಟಿ ಓಮ್ ಎಂದಿಟ್ಟುಕೊಳ್ಳಿರಿ. ಒದ್ದೆ ಲೇಪದ 5,000 ಓಮ್ ಅದರ ಮುಂದೆ ಲೆಕ್ಕಕ್ಕೇ ಬಾರದು. 50 ಮೈಕ್ರೋವೋಲ್ಟಿನಲ್ಲಿ ಹೆಚ್ಚುಕಡಮೆ ಎಲ್ಲವೂ ದೊರೆಯುತ್ತದೆ. ಒಣ ಲೋಹದ ಹತ್ತು ಲಕ್ಷ ಓಮ್ ಆದರೋ, ಹನ್ನೊಂದು ಪಾಲಿನಲ್ಲಿ ಒಂದು ಪಾಲು ಚರ್ಮದಲ್ಲಿಯೇ ಕಳೆದುಹೋಗುತ್ತದೆ. ಉಳಿಯುವುದು ಸುಮಾರು 45 ಮೈಕ್ರೋವೋಲ್ಟು. ಈಗ ವರ್ಧಕದ ಒಳರೋಧವನ್ನೇ ನೂರು ಕೋಟಿ ಓಮ್‌ಗೆ ಏರಿಸಿರಿ. ಆಗ ಕಳೆದುಹೋಗುವುದು ಸಾವಿರದಲ್ಲಿ ಒಂದು ಪಾಲು ಮಾತ್ರ. ಗೋಡೆಯನ್ನು ತೆಗೆಯಲಾಗದಿದ್ದರೆ ಕಿವಿಯನ್ನು ಸೂಕ್ಷ್ಮಗೊಳಿಸಿದಂತಾಯಿತು. ಇಂದಿನ ಎಲೆಕ್ಟ್ರಾನಿಕ್ ವಿದ್ಯೆಯು ಇಂಥ ವರ್ಧಕಗಳನ್ನು ಸುಲಭವಾಗಿ ಕಟ್ಟಬಲ್ಲದು.

ಆದರೆ ನಷ್ಟವನ್ನು ತುಂಬಿದರೆ ಸಾಲದು, ಗದ್ದಲವನ್ನೂ ತಡೆಯಬೇಕು. ಎರಡು ವಿದ್ಯುದ್ವಾರಗಳಿಗೂ ಗೋಡೆಯ ತಂತಿಯ ಕಂಪನವು ಸಮನಾಗಿ ಬಂದರೆ ಒಂದರಿಂದ ಇನ್ನೊಂದನ್ನು ಕಳೆದಾಗ ಅದು ಅಳಿದುಹೋಗುತ್ತದೆ. ಒಣ ಬಿಲ್ಲೆಗಳಲ್ಲಿ ಒಂದರ ರೋಧವು ಎರಡು ಲಕ್ಷ, ಇನ್ನೊಂದರದು ಹತ್ತು ಲಕ್ಷ ಹೀಗೆ ಅಸಮವಾಗಿರುವುದರಿಂದ ಕಂಪನವು ಪೂರ್ತಿಯಾಗಿ ಅಳಿಯದೆ ರೇಖೆಯಲ್ಲಿ ಉಳಿಯುತ್ತದೆ. ಬಿಲ್ಲೆಯಿಂದ ವರ್ಧಕದವರೆಗೆ ಉದ್ದವಾದ ತಂತಿಯಿದ್ದರೆ ಅದೂ ಹೊರಗಿನ ಕಂಪನವನ್ನು ಹಿಡಿದು ತರುತ್ತದೆ. ಆದುದರಿಂದ ಬಿಲ್ಲೆಯ ಬೆನ್ನಿಗೇ ಪುಟ್ಟ ವರ್ಧಕವೊಂದನ್ನು ಕೂರಿಸುವ ಉಪಾಯವನ್ನು ಕಂಡುಹಿಡಿದರು. ಪಿಸುಮಾತನ್ನು ಬಾಗಿಲಲ್ಲಿಯೇ ಕೇಳಿಕೊಂಡು, ಗಟ್ಟಿಯಾದ ದನಿಯಲ್ಲಿ ಒಳಕ್ಕೆ ಹೇಳುವ ದ್ವಾರಪಾಲಕನಿದ್ದಂತೆ ಈ ವರ್ಧಕ.

ಈ ವಿಚಾರವು ಇಂದು ನಿನ್ನೆಯದಲ್ಲ. 1960ರ ದಶಕದ ಕೊನೆಯಲ್ಲಿ ಅಮೆರಿಕದ ರಿಚರ್ಡ್‌ಸನ್ ಎಂಬ ಸಂಶೋಧಕನು ಲೇಪವಿಲ್ಲದ ಬಿಲ್ಲೆಗಳಿಂದ ಹೃದಯದ ವಿದ್ಯುತ್ತನ್ನು ಬರೆಯಿಸಿ ತೋರಿಸಿದನು. ಹೃದಯದ ದನಿ ದೊಡ್ಡದು. ಎದೆಯ ಮೇಲೆ ಕೂದಲ ರಾಶಿಯೂ ಇಲ್ಲ. ಮಿದುಳಿನ ವಿಷಯದಲ್ಲಿ ಕೆಲಸವು ಹೆಚ್ಚು ಕಠಿಣವಾಯಿತು. 1994ರಲ್ಲಿ ಕ್ಯಾಲಿಫೋರ್ನಿಯಾದ ತಾಹೇರಿ, ನೈಟ್ ಮತ್ತು ಸ್ಮಿತ್ ಎಂಬುವರು ತೆಳು ಲೇಪನವುಳ್ಳ ಲೋಹದ ಬಿಲ್ಲೆಯ ಬೆನ್ನಿಗೆ ವರ್ಧಕವನ್ನು ಜೋಡಿಸಿ, ಮಿದುಳಿನ ಅಲೆಗಳನ್ನು ಬರೆಯಿಸುವ ಒಣ ವಿದ್ಯುದ್ವಾರವನ್ನು ವಿವರಿಸಿದರು. ಅಲ್ಲಿಂದೀಚೆಗೆ ಅನೇಕ ಬಗೆಗಳು ಬಂದಿವೆ. ಅವುಗಳಲ್ಲಿ ಮುಖ್ಯವಾದವು ನಾಲ್ಕು.

ಮೊದಲನೆಯದು ಹಣೆಗೆ ತಾಗುವ ಚಪ್ಪಟೆ ಬಿಲ್ಲೆ. ಕೂದಲಿಲ್ಲದ ಸ್ಥಳದಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ತಲೆಯ ಹಿಂಭಾಗದ ಸುದ್ದಿಯನ್ನು ತಿಳಿಸಲಾರದು. ಎರಡನೆಯದು ಬಾಚಣಿಗೆಯ ಹಲ್ಲಿನಂತೆ ಕೂದಲಿನ ಸಂದಿಯಲ್ಲಿ ಇಳಿಯುವ ಕಡ್ಡಿಗಳ ವಿದ್ಯುದ್ವಾರ. ಕಡ್ಡಿಗಳು ಚಿನ್ನದ ಲೇಪವುಳ್ಳ ಲೋಹದವಾಗಿರಬಹುದು. ವಿದ್ಯುತ್ತನ್ನು ಹರಿಯಗೊಡುವ ರಬ್ಬರಿನವೂ ಆಗಿರಬಹುದು. ಒತ್ತಡವು ಹೆಚ್ಚಾಗದಂತೆ ಕೆಲವಕ್ಕೆ ಸಣ್ಣ ಸ್ಪ್ರಿಂಗುಗಳನ್ನು ಕೊಡುತ್ತಾರೆ. ಮೂರನೆಯದು ಸೂಕ್ಷ್ಮಸೂಜಿಗಳ ಬಿಲ್ಲೆ. ಇದರ ಮೊನೆಗಳು ಸತ್ತ ಕೋಶಗಳ ಪದರವನ್ನು ಮಾತ್ರ ದಾಟಿ ನಿಲ್ಲುವಷ್ಟು ಚಿಕ್ಕವು. ನೋವಿನ ನರಗಳವರೆಗೆ ಹೋಗಬಾರದು. ನಾಲ್ಕನೆಯದು ಚರ್ಮವನ್ನು ಮುಟ್ಟದೆಯೇ, ಬಟ್ಟೆಯ ಅಥವಾ ಕೂದಲಿನ ಮೇಲಿನಿಂದ ವಿದ್ಯುತ್ ಕ್ಷೇತ್ರದ ಏರಿಳಿತವನ್ನು ತಿಳಿಯುವ ಬಗೆ. ಕೇಳಲು ಸೊಗಸಾದರೂ ಸ್ವಲ್ಪ ಅಲುಗಾಡಿದರೆ ಸಾಕು, ಇದರ ರೇಖೆಯು ಕೆಟ್ಟುಹೋಗುತ್ತದೆ.

ಇಲ್ಲಿ ಒಂದು ವಿನೋದವಿದೆ. ಒಣ ವಿದ್ಯುದ್ವಾರವನ್ನು ತಲೆಗಿಟ್ಟು ಕೆಲವು ನಿಮಿಷಗಳು ಕಳೆದರೆ ಅದರ ಕೆಲಸವು ತಾನಾಗಿಯೇ ಉತ್ತಮಗೊಳ್ಳುವುದುಂಟು. ಏಕೆಂದರೆ ಬಿಲ್ಲೆಯ ಅಡಿಯಲ್ಲಿ ಬೆವರು ಕೂಡುತ್ತದೆ. ಬೆವರೂ ಉಪ್ಪುನೀರೇ ತಾನೆ? ಮನುಷ್ಯನು ತೆಗೆದುಹಾಕಿದ ಲೇಪವನ್ನು ಪ್ರಕೃತಿಯು ಮೆಲ್ಲನೆ ಮರಳಿ ಹಚ್ಚುತ್ತದೆ. ಆದುದರಿಂದ ಒಣ ವಿದ್ಯುದ್ವಾರವು ಪೂರ್ಣವಾಗಿ ಒಣಗಿರುವುದಲ್ಲ. ನಾವು ಹಚ್ಚಬೇಕಾದ ಲೇಪವಿಲ್ಲದ್ದು ಎಂದಷ್ಟೇ ಅರ್ಥ.

ಕನ್ನಡ ನಾಡಿನ ಒಂದು ಪಾಠ

ಇಷ್ಟು ಶ್ರಮವೇಕೆ, ಆಸ್ಪತ್ರೆಗೇ ಹೋದರಾಗದೇ ಎಂದು ನೀವು ಕೇಳಬಹುದು. ನಮ್ಮಲ್ಲಿ ಅನೇಕರ ಹಿರಿಯರು ಕನ್ನಡ ನಾಡಿನಿಂದ ಈ ನಗರಕ್ಕೆ ಬಂದವರು. ಆ ನಾಡಿನದೇ ಆದ ಒಂದು ಉದಾಹರಣೆಯಿಂದ ಇದಕ್ಕೆ ಉತ್ತರವನ್ನು ಹೇಳಬಹುದು.

ಮೈಸೂರು ಸೀಮೆಯ ಮನೆಗಳಲ್ಲಿ ತಲೆಗೆ ಸ್ನಾನವೆಂದರೆ ಹಂಡೆಯಲ್ಲಿ ಕಾದ ನೀರನ್ನು ಚೊಂಬಿನಿಂದ ಎಡೆಬಿಡದೆ ತಲೆಯ ಮೇಲೆ ಸುರಿದುಕೊಳ್ಳುವುದು. ಕೆಲವರಿಗೆ, ವಿಶೇಷವಾಗಿ ಮಕ್ಕಳಿಗೆ, ಹೀಗೆ ಬಿಸಿನೀರು ಬಿದ್ದೊಡನೆ ಮೈಮರೆವು ಬರುತ್ತದೆ. ಕೈಕಾಲು ಸೆಳೆಯುವುದೂ ಉಂಟು. ಇದನ್ನು ಬಿಸಿನೀರಿನ ಅಪಸ್ಮಾರವೆನ್ನುತ್ತಾರೆ. ಜಗತ್ತಿನ ಬೇರೆಡೆಗಳಲ್ಲಿ ವಿರಳವಾದ ಈ ಬಗೆಯು ದಕ್ಷಿಣ ಕರ್ನಾಟಕದಲ್ಲಿ ಗಮನಾರ್ಹವಾಗಿ ಕಂಡುಬಂದಿದೆ. ಬೆಂಗಳೂರಿನ ನರರೋಗತಜ್ಞ ಡಾ. ಕೆ. ಎಸ್. ಮಣಿಯವರು 1970ರ ದಶಕದ ಆರಂಭದಲ್ಲಿ ಇದರ ಲಕ್ಷಣಗಳನ್ನೂ ಮಿದುಳಿನ ರೇಖೆಗಳನ್ನೂ ವಿವರಿಸಿದರು. ಅದೇ ನಗರದಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಾಗಿ ಆರಂಭವಾಗಿ, 1974ರಲ್ಲಿ ಮಾನಸಿಕ ಆಸ್ಪತ್ರೆಯೊಡನೆ ಒಂದುಗೂಡಿ ನಿಮ್ಹಾನ್ಸ್ ಎಂಬ ಹೆಸರನ್ನು ಪಡೆದ ರಾಷ್ಟ್ರೀಯ ಸಂಸ್ಥೆಯಲ್ಲಿಯೂ ಈ ಅಧ್ಯಯನವು ನಡೆಯಿತು. ಅಲ್ಲಿಯ ಡಾ. ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು 1988ರಲ್ಲಿ ಇಂಥ 279 ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರು.

ಈ ರೋಗದಲ್ಲಿ ನಮಗೆ ಪಾಠವಾಗುವ ಅಂಶವೇನೆಂದರೆ, ರೋಗಿಯನ್ನು ಆಸ್ಪತ್ರೆಗೆ ಕರೆತಂದು, ಒಣ ತಲೆಯಲ್ಲಿ ಸುಮ್ಮನೆ ಮಲಗಿಸಿ ರೇಖೆಯನ್ನು ಬರೆಯಿಸಿದರೆ ಹೆಚ್ಚಿನವರಲ್ಲಿ ಅದು ನಿರ್ದೋಷವಾಗಿಯೇ ಇರುತ್ತದೆ. ಕಳ್ಳನು ಹೋದ ಮೇಲೆ ಮನೆಯನ್ನು ಕಾಯ್ದಂತೆ. ಬಚ್ಚಲುಮನೆಯಲ್ಲಿ ನೀರು ಬೀಳುವ ಗಳಿಗೆಯಲ್ಲಿ ಮಿದುಳು ಏನು ಹೇಳಿತೆಂಬುದೇ ಮುಖ್ಯ. ಆಗಲಾದರೋ ಲೇಪವು ತೊಳೆದುಹೋಗುತ್ತದೆ. ಒಣ ವಿದ್ಯುದ್ವಾರವೂ ಇಲ್ಲಿ ಸೋಲುತ್ತದೆಯೆಂಬುದನ್ನು ಮರೆಮಾಚಬಾರದು. ಏಕೆಂದರೆ ತಲೆಯ ಮೇಲೆ ಹರಿದ ನೀರು ಅಕ್ಕಪಕ್ಕದ ಬಿಲ್ಲೆಗಳನ್ನು ಒಂದಾಗಿಸಿಬಿಡುತ್ತದೆ. ಆದರೆ ಎಲ್ಲ ಅಪಸ್ಮಾರವೂ ನೀರಿನಲ್ಲಿ ಬರುವುದಲ್ಲ. ನಿದ್ರೆಯಲ್ಲಿ ಬರುವುದು, ಓದುವಾಗ ಬರುವುದು, ವಾರಕ್ಕೊಮ್ಮೆ ಮಾತ್ರ ಬರುವುದು, ಇವೆಲ್ಲಕ್ಕೂ ಪರೀಕ್ಷೆಯು ರೋಗಿಯ ಬಳಿಗೆ ಹೋಗಿ ಬಹಳ ಹೊತ್ತು ಕಾದು ಕುಳಿತಿರಬೇಕು.

ಪರೀಕ್ಷೆಯನ್ನು ಮನುಷ್ಯನ ಬಳಿಗೆ ಒಯ್ಯುವ ಯೋಚನೆಯು ನಮ್ಮ ದೇಶಕ್ಕೆ ಹೊಸದಲ್ಲ. ಬಾಗ್ಚಿ ಮತ್ತು ವೆಂಗರ್ ಎಂಬ ವಿಜ್ಞಾನಿಗಳು ಸಾಗಿಸಬಹುದಾದ ಯಂತ್ರವೊಂದನ್ನು ಅಮೆರಿಕದಿಂದ ತಂದು ಭಾರತದ ಯೋಗಿಗಳಿದ್ದಲ್ಲಿಗೆ ಹೋಗಿ ಮಿದುಳಿನ ರೇಖೆಗಳನ್ನು ಬರೆಯಿಸಿ 1957ರಲ್ಲಿ ಪ್ರಕಟಿಸಿದರು. ಯಂತ್ರವು ಭಾರವಾಗಿದ್ದ ಕಾಲದಲ್ಲಿ ಅದೊಂದು ಸಾಹಸ. ಇಂದು ಯಂತ್ರವು ಅಂಗೈಯಷ್ಟಾಗಿದೆ. ಕುಗ್ಗದೆ ಉಳಿದಿರುವುದು ಲೇಪ ಹಚ್ಚುವ ಕೆಲಸವೊಂದೇ. ಚಾಮರಾಜನಗರ ಜಿಲ್ಲೆಯ ಯಳಂದೂರು ತಾಲ್ಲೂಕಿನ ಹಳ್ಳಿಗಳಲ್ಲಿ ಡಾ. ಮಣಿ ಮತ್ತು ಅವರ ಸಂಗಡಿಗರು ಅಪಸ್ಮಾರದ ರೋಗಿಗಳನ್ನು ಹುಡುಕಿ, ಅಗ್ಗದ ಮಾತ್ರೆಗಳಿಂದ ಚಿಕಿತ್ಸೆ ಮಾಡಿ, ಅದರ ಫಲವನ್ನು 2001ರಲ್ಲಿ ಪ್ರಕಟಿಸಿದರು. ಹಳ್ಳಿಯಲ್ಲಿಯೇ ಚಿಕಿತ್ಸೆ ಸಾಧ್ಯವೆಂದು ಅದರಿಂದ ತಿಳಿಯಿತು. ಚಿಕಿತ್ಸೆಯು ಹೋದಲ್ಲಿಗೆ ಪರೀಕ್ಷೆಯೂ ಹೋಗುವಂತಾದರೆ ಎಷ್ಟು ಒಳ್ಳೆಯದು! ಶಾಲೆಯ ಒಂದು ಕೋಣೆಯಲ್ಲಿ, ಟೋಪಿಯೊಂದನ್ನು ತೊಡಿಸಿ, ಐದು ನಿಮಿಷದಲ್ಲಿ ಕೆಲಸವನ್ನು ಆರಂಭಿಸುವಂತಾಗಬೇಕೆಂಬುದೇ ಒಣ ವಿದ್ಯುದ್ವಾರದ ಹಂಬಲ.

ಉಳಿದಿರುವ ದೋಷಗಳು

ಹಂಬಲವಿದ್ದ ಮಾತ್ರಕ್ಕೆ ಸಿದ್ಧಿಯಾಯಿತೆಂದು ತಿಳಿಯಬಾರದು. ಒಣ ಬಿಲ್ಲೆಯು ಚರ್ಮಕ್ಕೆ ಅಂಟಿಕೊಂಡಿರುವುದಿಲ್ಲ, ಒತ್ತಿಕೊಂಡಿರುತ್ತದೆ. ತಲೆಯಾಡಿಸಿದರೆ ಜಾರುತ್ತದೆ. ಜಾರಿದಾಗ ರೇಖೆಯಲ್ಲಿ ಚೂಪಾದ ಮೊನೆಯೊಂದು ಏಳುತ್ತದೆ. ಅಪಸ್ಮಾರದ ಗುರುತೂ ಚೂಪಾದ ಮೊನೆಯೇ! ಒಂದನ್ನು ಇನ್ನೊಂದೆಂದು ಭ್ರಮಿಸಿದರೆ ರೋಗವಿಲ್ಲದ ಮಗುವಿಗೆ ರೋಗದ ಹೆಸರು ಬೀಳುತ್ತದೆ. ವರ್ಷಗಟ್ಟಲೆ ಮಾತ್ರೆ ನುಂಗಬೇಕಾಗುತ್ತದೆ. ಸೋಮಾರಿಯೆಂಬ ಸುಳ್ಳು ಹೆಸರು ಕೆಟ್ಟದ್ದಾದರೆ ರೋಗಿಯೆಂಬ ಸುಳ್ಳು ಹೆಸರು ಅದಕ್ಕಿಂತ ಮೇಲೇನಲ್ಲ. ಚೆನ್ನಾಗಿ ತಾಗಲೆಂದು ಬಲವಾಗಿ ಒತ್ತಿದರೆ ಗಂಟೆಯೊಳಗೆ ತಲೆನೋವು ಬರುತ್ತದೆ. ದಟ್ಟವಾದ ಅಥವಾ ಎಣ್ಣೆ ಹಚ್ಚಿದ ಕೂದಲಿನಲ್ಲಿ ಕಡ್ಡಿಗಳು ಚರ್ಮವನ್ನು ಸರಿಯಾಗಿ ಮುಟ್ಟದೆ ಹೋಗುತ್ತವೆ.

ಆದುದರಿಂದಲೇ ಹೊಸ ವಿದ್ಯುದ್ವಾರಕ್ಕೆ ಅನೇಕ ಪರೀಕ್ಷೆಗಳುಂಟು. ಮೊದಲು ಉಪ್ಪುಳ್ಳ ಅಗರ್ ಜೆಲ್ಲಿಯಿಂದ ಮಾಡಿದ ಕೃತಕ ತಲೆಯ ಮೂಲಕ ಗೊತ್ತಿರುವ ಅಲೆಯೊಂದನ್ನು ಹಾಯಿಸಿ, ಅದು ಸರಿಯಾಗಿ ಬಂದಿತೇ ಎಂದು ನೋಡುತ್ತಾರೆ. ಆಮೇಲೆ ಮನುಷ್ಯನ ತಲೆಯ ಮೇಲೆ ಒದ್ದೆ ಬಿಲ್ಲೆಯನ್ನೂ ಒಣ ಬಿಲ್ಲೆಯನ್ನೂ ಪಕ್ಕಪಕ್ಕದಲ್ಲಿಟ್ಟು ಏಕಕಾಲದಲ್ಲಿ ಬರೆಯಿಸಿ ಹೋಲಿಸುತ್ತಾರೆ. ಕಣ್ಣು ಮುಚ್ಚಿ ತೆರೆಯುವ ಬರ್ಗರನ ಪರೀಕ್ಷೆಯೂ ಆಗಬೇಕು. ಇವೆಲ್ಲದರಲ್ಲಿ ಶಾಂತವಾಗಿ ಕುಳಿತಿರುವಾಗ ಉತ್ತಮ ಒಣ ವಿದ್ಯುದ್ವಾರಗಳು ಒದ್ದೆಯವಕ್ಕೆ ಬಹಳ ಸಮೀಪದ ಫಲವನ್ನು ಕೊಡುತ್ತವೆ; ಅಲುಗಾಡುವಾಗ ಹಿಂದೆ ಬೀಳುತ್ತವೆ. ರೋಗನಿರ್ಣಯಕ್ಕಾಗಿ ಆಸ್ಪತ್ರೆಗಳು ಇಂದಿಗೂ ಹೆಚ್ಚಾಗಿ ಒದ್ದೆ ಲೇಪವನ್ನೇ ನೆಚ್ಚಿರುವುದಕ್ಕೆ ಇದೇ ಕಾರಣ.

ಅಂಗಡಿಗಳಲ್ಲಿ ದೊರೆಯುವ ಕೆಲವು ತಲೆಪಟ್ಟಿಗಳು ಮನಸ್ಸಿನ ಮಾತನ್ನು ಓದುತ್ತವೆಂದು ಯಾರಾದರೂ ಹೇಳಿದರೆ ನಂಬಬೇಡಿರಿ. ತಲೆಯ ಹೊರಗೆ ದೊರೆಯುವುದು ಸಹಸ್ರಾರು ಕೋಶಗಳು ಒಟ್ಟಾಗಿ ಎಬ್ಬಿಸುವ ದನಿ. ಸಭೆಯ ಹೊರಗೆ ನಿಂತವನಿಗೆ ಚಪ್ಪಾಳೆಯು ಕೇಳಿಸಿದಂತೆ. ಒಳಗೆ ಯಾರು ಏನು ಮಾತನಾಡಿದರೆಂಬುದು ಅದರಿಂದ ತಿಳಿಯದು. ರೇಖೆಯು ನಿರ್ದೋಷವಾಗಿದ್ದರೂ ರೋಗವಿರಬಹುದು. ಅಪಸ್ಮಾರದ ನಿರ್ಣಯಕ್ಕೆ ಕಣ್ಣಾರೆ ಕಂಡವರ ವಿವರಣೆಯೇ ಮೊದಲ ಆಧಾರ. ರೇಖೆಯು ಅದಕ್ಕೆ ಸಾಕ್ಷಿ.

ಈ ಕೊನೆಯ ಮಾತನ್ನು ನೀವು ವಿಶೇಷವಾಗಿ ನೆನಪಿನಲ್ಲಿಡಬೇಕು. ಕಣ್ಣಾರೆ ಕಾಣುವವರು ಯಾರು? ಪಕ್ಕದ ಮಣೆಯಲ್ಲಿ ಕುಳಿತ ನೀವೇ. ನಿಮ್ಮ ಸಹಪಾಠಿಯು ಓದುತ್ತ ಓದುತ್ತ ಮೈಮರೆತು ನಿಂತರೆ ನಗಬೇಡಿರಿ. ಎಷ್ಟು ಹೊತ್ತು ನಿಂತನು, ಕರೆದರೆ ಓಗೊಟ್ಟನೇ, ರೆಪ್ಪೆಯು ಅದುರಿತೇ ಎಂಬುದನ್ನು ಗಮನಿಸಿ ಉಪಾಧ್ಯಾಯರಿಗೂ ಅವನ ಮನೆಯವರಿಗೂ ತಿಳಿಸಿರಿ. ಯಾರಾದರೂ ಬಿದ್ದು ಕೈಕಾಲು ಸೆಳೆಯುತ್ತಿದ್ದರೆ ಕೈಗೆ ಕಬ್ಬಿಣವನ್ನು ಕೊಡುವುದಾಗಲಿ ಬಾಯಿಗೆ ಏನನ್ನಾದರೂ ತುರುಕುವುದಾಗಲಿ ಬೇಡ. ತಲೆಗೆ ಪೆಟ್ಟಾಗದಂತೆ ನೋಡಿಕೊಂಡು, ಪಕ್ಕಕ್ಕೆ ಹೊರಳಿಸಿ ಮಲಗಿಸಿರಿ. ಐದು ನಿಮಿಷ ಕಳೆದರೂ ನಿಲ್ಲದಿದ್ದರೆ ಕೂಡಲೇ ವೈದ್ಯರ ನೆರವನ್ನು ಪಡೆಯಬೇಕು.

ನಿಮ್ಮಲ್ಲಿ ಕೆಲವರು ಮುಂದೆ ಮಾದಾಪುರದ ಎತ್ತರದ ಕಟ್ಟಡಗಳಲ್ಲಿ ಎಂಜಿನಿಯರುಗಳಾಗಿ ಕುಳಿತುಕೊಳ್ಳುವಿರಿ; ಕೆಲವರು ವೈದ್ಯರಾಗುವಿರಿ. ಜಾರದ ಬಿಲ್ಲೆ, ನೋಯಿಸದ ಒತ್ತಡ, ಎಣ್ಣೆಗೂದಲಿಗೂ ಜಗ್ಗದ ಕಡ್ಡಿ, ಬಡವನ ಕೈಗೆಟುಕುವ ಬೆಲೆ, ಇವೆಲ್ಲವೂ ಇನ್ನೂ ಯಾರದೋ ಕೈಗಾಗಿ ಕಾದಿವೆ. ಪಾಠವನ್ನು ಓದುತ್ತ ನಡುವೆ ನಿಂತುಹೋದ ಆ ಬಾಲಕನೂ ಕಾದಿದ್ದಾನೆ. ಅವನ ಮಿದುಳಿನ ಪಿಸುಮಾತನ್ನು ಅವನು ಕುಳಿತಲ್ಲಿಯೇ ಕೇಳುವ ಕಾಲವು ಬರಲಿ. ಅಲ್ಲಿಯ ತನಕ ಅವನ ಪಕ್ಕದಲ್ಲಿರುವವರ ಕಣ್ಣುಗಳಾದರೂ ಎಚ್ಚರವಾಗಿರಲಿ.